ಉತ್ತು ನೋಡಿ ಕೊಂಡ ಸೈಕಲ್

ಪುರವರದ ಹತ್ತಿರದ ಒಂದು ಕೊಟ್ಟಿಗೆಯಲ್ಲಿ ಹಸುವಿನ ಗಬ್ಬ ನೋಡುತ್ತಿದ್ದಾಗ ನನ್ನ ಎಡಗೈಯ ಎರಡು ಬೆರಳು ಮಾತು ನಿಲ್ಲಿಸಿದವು. ನಾನು ಬಡವನಹಳ್ಳಿ ಕಡೆ ಕೆಲಸ ಮಾಡುವ ಪಶುವೈದ್ಯೆ. ಭುಜದವರೆಗೆ ಗ್ಲೌಸ್ ಏರಿಸಿ ಹಸುವಿನ ಹಿಂದೆ ನಿಂತ ಮೇಲೆ ನನಗೆ ಕಣ್ಣಿನಿಂದ ಏನೂ ಉಪಯೋಗವಿಲ್ಲ. ಒಳಗೆ ಏನಿದೆ, ಎಷ್ಟು ತಿಂಗಳದ್ದು, ಇದೆಯೋ ಇಲ್ಲವೋ ಎಂಬುದನ್ನೆಲ್ಲ ಎಡಗೈಯ ಬೆರಳ ತುದಿ ಹೇಳಬೇಕು. ಅವತ್ತು ಕಿರುಬೆರಳೂ ಉಂಗುರದ ಬೆರಳೂ ದಪ್ಪ ಬಟ್ಟೆ ಸುತ್ತಿಕೊಂಡಂತೆ ಕೂತಿದ್ದವು. "ಹೆಂಗೈತೆ ಡಾಕ್ಟ್ರಮ್ಮ, ನಿಂತೈತಾ?" ಎಂದು ಹಸುವಿನ ಯಜಮಾನ ಕೇಳಿದ. ಇನ್ನೊಂದಷ್ಟು ದಿನ ಬಿಟ್ಟು ನೋಡೋಣ ಎಂದು ಹೇಳಿ ಕೈ ತೊಳೆದುಕೊಂಡೆ. ಇಷ್ಟು ವರ್ಷದ ಕೆಲಸದಲ್ಲಿ ನಾನು ಹಾಗೆ ಜಾರಿಕೊಂಡದ್ದು ಅದೇ ಮೊದಲು.

ಕಾರಣ ನನಗೆ ಗೊತ್ತಿತ್ತು. ಹಿಂದಿನ ಭಾನುವಾರ ಮಧುಗಿರಿಯಿಂದ ಪಾವಗಡಕ್ಕೆ ಸೈಕಲ್ಲಿನಲ್ಲಿ ಹೋಗಿ ಬಂದಿದ್ದೆ. ಪ್ರತಿ ದೊಡ್ಡ ಸವಾರಿಯ ನಂತರ ಈ ಎರಡು ಬೆರಳು ಜೋಮು ಹಿಡಿಯುತ್ತಿದ್ದವು, ಮಾರನೇ ದಿನಕ್ಕೆ ಸರಿಹೋಗುತ್ತಿದ್ದವು. ಈ ಸಲ ಜೋಮು ಬಿಡಲಿಲ್ಲ. ತುಮಕೂರಿನ ಮೂಳೆ ಡಾಕ್ಟರು ನನ್ನ ಅಂಗೈಯನ್ನು ಒತ್ತಿ ನೋಡಿ, ಹ್ಯಾಂಡಲ್ ಮೇಲೆ ಭಾರ ಬಿದ್ದು ಇಲ್ಲಿನ ನರ ನಲುಗಿದೆ ಎಂದರು. ಹೀಗೇ ಮುಂದುವರಿಸಿದರೆ ಬೆರಳಿನ ಸ್ಪರ್ಶ ಶಾಶ್ವತವಾಗಿ ಹೋಗಬಹುದು, ಸೈಕಲ್ ಬಿಡಿ ಎಂದರು. "ಈ ವಯಸ್ಸಿನಲ್ಲಿ ಅದೆಲ್ಲ ಯಾಕೆ ಮೇಡಂ?" ಎಂದೂ ಸೇರಿಸಿದರು. ಈ ವಯಸ್ಸಿನಲ್ಲಿ ನಿಮಗೆ ಆ ಹೊಟ್ಟೆ ಯಾಕೆ ಎಂದು ನಾನು ಕೇಳಲಿಲ್ಲ, ಕೇಳಬೇಕೆನಿಸಿತ್ತು. ಸೈಕಲ್ ಬದಲಾಯಿಸಿದರೆ ಆಗುತ್ತದೆಯೇ ಎಂದಷ್ಟೇ ಕೇಳಿದೆ. ಅವರು ಭುಜ ಕುಣಿಸಿ, ಬದಲಾಯಿಸಿ ನೋಡಿ, ಜೋಮು ಮತ್ತೆ ಬಂತು ಅಂದರೆ ಅವತ್ತೇ ನಿಲ್ಲಿಸಿಬಿಡಿ, ಬೆರಳಿನ ಜೊತೆ ಜೂಜಾಡಬೇಡಿ ಎಂದರು. ಆ ಮಾತು ನ್ಯಾಯವಾಗಿತ್ತು. ಕೈ ಹೋದರೆ ನನ್ನ ಕೆಲಸವೇ ಹೋದಂತೆ.

ಸೈಕಲ್ ಬಿಡುವ ಯೋಚನೆಯನ್ನೇ ನಾನು ಮಾಡಲಿಲ್ಲ. ವಾರವೆಲ್ಲ ಸಗಣಿ, ಸೂಜಿ, ಕಾಲುಬಾಯಿ ಜ್ವರ ಎಂದು ಓಡಾಡುವವಳಿಗೆ ಭಾನುವಾರದ ಬೆಳಗು ಒಂದೇ ನನ್ನದು. ತಪ್ಪು ನನ್ನ ಕೈಯಲ್ಲೂ ಇರಲಿಲ್ಲ, ಸವಾರಿಯಲ್ಲೂ ಇರಲಿಲ್ಲ. ಆ ಸೈಕಲ್ಲನ್ನು ಕೊಂಡ ರೀತಿಯಲ್ಲೇ ಇತ್ತು. ಅಂಥ ತಪ್ಪನ್ನು ನಮ್ಮ ಕಡೆಯವರು ಮಾತ್ರ ಮಾಡಬಲ್ಲರು.

ನನ್ನ ಜೊತೆ ಸವಾರಿ ಮಾಡುವವರು ಶಿರಾದ ಒಬ್ಬ ಗಣಿತದ ಟೀಚರ್. ಅವರ ಮನೆಯ ಮೇಕೆಗೆ ಹೊಟ್ಟೆ ಉಬ್ಬರಿಸಿದಾಗ ಪರಿಚಯವಾದವರು. ನನಗಿಂತ ದೊಡ್ಡವರು, ಹಾಗಾಗಿ ನನಗೆ ಆಪಾ, ಅವರ ಮನೆಮಾತಿನಲ್ಲಿ ಅಕ್ಕ. ಅವರು ಶಿರಾದಿಂದ, ನಾನು ಮಧುಗಿರಿಯಿಂದ ಹೊರಟು ಬಡವನಹಳ್ಳಿಯಲ್ಲಿ ಸೇರಿ, ಟೀ ಕುಡಿದು, ಯಾವ ಕಡೆ ಮನಸ್ಸಾಗುತ್ತದೋ ಆ ಕಡೆ ಹೋಗುತ್ತೇವೆ. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು ಹೆಲ್ಮೆಟ್ ಹಾಕಿಕೊಂಡ ಅವರನ್ನೂ ನನ್ನನ್ನೂ ಮೊದಮೊದಲು ಜನ ಹೊಲದಲ್ಲಿ ಕೆಲಸ ನಿಲ್ಲಿಸಿ ನೋಡುತ್ತಿದ್ದರು. ಈಗ ಕುರಿ ಅಡ್ಡ ಬಂದರೆ ನಮಗಾಗಿ ಪಕ್ಕಕ್ಕೆ ಹೊಡೆಯುತ್ತಾರೆ.

ನಾವಿಬ್ಬರೂ ಮೊದಲ ರೋಡ್ ಬೈಕ್ ಕೊಳ್ಳಲು ತುಮಕೂರಿಗೆ ಹೋದಾಗ ನಮ್ಮಪ್ಪ ಜೊತೆಗೆ ಬಂದಿದ್ದರು. ಅಪ್ಪ ಜೀವಮಾನವೆಲ್ಲ ಎತ್ತಿನ ವ್ಯಾಪಾರ ಮಾಡಿದವರು. ಯಾರು ಏನು ಕೊಳ್ಳಲು ಹೊರಟರೂ ನಮ್ಮಲ್ಲಿ ಅಪ್ಪನನ್ನು ಕರೆದುಕೊಂಡು ಹೋಗುತ್ತಾರೆ, ಅದು ಟ್ರ್ಯಾಕ್ಟರ್ ಇರಲಿ, ಫ್ರಿಜ್ ಇರಲಿ. ಅಂಗಡಿಯಲ್ಲಿ ಅವರು ಎರಡು ಸೈಕಲ್ಲನ್ನು ಪಕ್ಕಪಕ್ಕ ನಿಲ್ಲಿಸಿ, ಬಗ್ಗಿ, ಒಂದರ ಹ್ಯಾಂಡಲಿನಿಂದ ಇನ್ನೊಂದರ ಹ್ಯಾಂಡಲಿಗೆ ಕಣ್ಣು ಹಾಯಿಸಿದರು. "ಜೋಡಿ ಅಂದ್ರೆ ಎರಡೂ ಒಂದೇ ಎತ್ತರ ಇರ್ಬೇಕು ಕಣಮ್ಮ. ಒಂದು ಉದ್ದ ಒಂದು ಗಿಡ್ಡ ಆದ್ರೆ ನೊಗ ವಾಲ್ತದೆ," ಎಂದರು. ಪಶುವೈದ್ಯ ಓದಿದ ನಾನೂ, ಗಣಿತ ಓದಿದ ಆಪಾನೂ ಹೌದೆಂದು ತಲೆಯಾಡಿಸಿದೆವು. ಇಬ್ಬರೂ ಎತ್ತು ಕಟ್ಟಿದ ಮನೆಗಳಲ್ಲೇ ಬೆಳೆದವರು. ಒಂದೇ ಅಳತೆ, ಒಂದೇ ಮಾದರಿ, ಒಂದೇ ಕೆಂಪು ಬಣ್ಣದ ಎರಡು ಸೈಕಲ್ ತಂದೆವು. ಆಪಾ ನನಗಿಂತ ಒಂದು ಗೇಣು ಎತ್ತರ, ಕೈ ಉದ್ದ. ನನ್ನದು ಕಾಲು ಉದ್ದ, ಮೈ ಗಿಡ್ಡ. ಅವರಿಗೆ ಹೇಳಿ ಮಾಡಿಸಿದಂತಿದ್ದ ಸೈಕಲ್ ಮೇಲೆ ನಾನು ಹ್ಯಾಂಡಲಿಗೆ ಎಟುಕಿಸಿಕೊಂಡು, ಅಂಗೈ ಮೇಲೆ ಮೈಭಾರವೆಲ್ಲ ಹಾಕಿಕೊಂಡು, ವರ್ಷಗಟ್ಟಲೆ ತುಳಿದೆ. ಎದುರಿಗೆ ಸಿಕ್ಕವರು ಜೋಡಿ ಚೆನ್ನಾಗಿದೆ ಎನ್ನುತ್ತಿದ್ದರು. ನಮಗೂ ಹೆಮ್ಮೆಯೇ.

ಈಗ ಹೊಸದು ಕೊಳ್ಳುವಾಗ ಏನು ಬೇಕೆಂದು ನನಗೆ ಸ್ಪಷ್ಟವಿತ್ತು. ರೇಸಿಗೆ ಓಡಿಸುವ ಸೈಕಲ್ ಬೇಡ, ದೂರ ಹೋಗುವವರ ಸೈಕಲ್ ಬೇಕು. ಅಂಗಡಿಯವರು ಎಂಡ್ಯೂರೆನ್ಸ್ ಬೈಕ್ ಎನ್ನುತ್ತಾರೆ. ಬಾಗಿದ ಹ್ಯಾಂಡಲೇ ಇರುತ್ತದೆ, ಆದರೆ ಅದು ಸ್ವಲ್ಪ ಮೇಲಕ್ಕೂ ಎದೆಗೆ ಹತ್ತಿರಕ್ಕೂ ಇದ್ದು ಬೆನ್ನು ಅಷ್ಟಾಗಿ ಬಾಗುವುದಿಲ್ಲ. ಟೈರು ಒಂಚೂರು ದಪ್ಪ, ಆದ್ದರಿಂದ ಹಳ್ಳದ ಹೊಡೆತ ಅಂಗೈವರೆಗೆ ಬರುವುದಿಲ್ಲ. ನಮ್ಮ ಏರುಗಳಿಗೆ ಹಗುರವಾದ ಗೇರು, ಇಳಿಜಾರಿಗೆ ಡಿಸ್ಕ್ ಬ್ರೇಕು. ಬಜೆಟ್ಟು ಒಂದು ಒಳ್ಳೆ ಸೀಮೆಹಸುವಿನ ಬೆಲೆ. ಅದಕ್ಕಿಂತ ಕೆಳಗಿನದು ನನ್ನ ಕೈಗೆ ಆಗದು, ಅದಕ್ಕಿಂತ ಮೇಲಿನದು ನನ್ನ ಮನಸ್ಸಿಗೆ ಒಗ್ಗದು. ಮೊಬೈಲಿನಲ್ಲಿ ಸೈಕಲ್ ವಿಡಿಯೋ ಮಾಡುವವರು ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಅವರಲ್ಲಿ ಯಾರೂ ಕೊರಟಗೆರೆಯಿಂದ ತೋವಿನಕೆರೆಗೆ ಮಳೆಗಾಲ ಕಳೆದ ಮೇಲೆ ಸೈಕಲ್ ತುಳಿದವರಲ್ಲ. ನಾಲ್ಕು ವಿಡಿಯೋ ನೋಡಿ ಮುಚ್ಚಿಟ್ಟೆ.

ಅಪ್ಪನನ್ನೂ ಆಪಾನನ್ನೂ ಕರೆದುಕೊಂಡು ಮತ್ತೆ ತುಮಕೂರಿಗೆ ಹೋದೆ. ಅಂಗಡಿಯಲ್ಲಿ ಎರಡು ಸೈಕಲ್ ನನ್ನ ಲೆಕ್ಕಕ್ಕೆ ಬಂದವು. ಒಂದು ಅಲ್ಯೂಮಿನಿಯಂ ಚೌಕಟ್ಟಿನದು, ಮುಂದಿನ ಚಕ್ರ ಹಿಡಿಯುವ ಕವಲು ಮಾತ್ರ ಕಾರ್ಬನ್. ಬಣ್ಣ ಎಮ್ಮೆಯದು. ನನ್ನ ಮೈಗೆ ಸರಿಯಾದ ಚಿಕ್ಕ ಅಳತೆ. ಇನ್ನೊಂದು ಪೂರ್ತಿ ಕಾರ್ಬನ್, ನವಿಲುಗೊರಳ ಬಣ್ಣ, ಒಂದೇ ಕೈಯಲ್ಲಿ ಎತ್ತಿದರೆ ಮೇಲಕ್ಕೆ ಬರುತ್ತಿತ್ತು. ನನ್ನ ಬಜೆಟ್ಟಿಗೆ ಎಂದೂ ಸಿಗುವಂಥದ್ದಲ್ಲ. ಹಿಂದಿನ ವರ್ಷದ ಮಾದರಿ, ಕೊನೆಯದೊಂದು ಉಳಿದಿದೆ ಎಂದು ಬೆಲೆ ಇಳಿಸಿದ್ದರು. ಅದರ ಅಳತೆ ಮಾತ್ರ ಒಂದು ನಂಬರ್ ದೊಡ್ಡದು, ಆಪಾನ ಅಳತೆ.

ಆಪಾ ಅದರ ಸುತ್ತ ಎರಡು ಸುತ್ತು ಬಂದರು. "ಅರೆ ಡಾಕ್ಟ್ರೇ, ಇಂಥ ಮೌಕಾ ಮತ್ತೆ ಸಿಗಲ್ಲ. ಇದೇ ತಗೊಳ್ಳಿ," ಎಂದರು. ಸ್ವಲ್ಪ ತಡೆದು, "ನನ್ನ ಸೈಕಲ್ ಪಕ್ಕ ನಿಲ್ಲಿಸಿದ್ರೂ ಸಮ ಕಾಣ್ಸುತ್ತೆ," ಎಂದರು. ಆ ಮಾತಿನಲ್ಲಿ ಏನಿದೆ ಎಂದು ನನಗೆ ಗೊತ್ತಾಯಿತು. ಇಷ್ಟು ವರ್ಷ ಹೆಗಲಿಗೆ ಹೆಗಲು ಕೊಟ್ಟು ತುಳಿದವರು. ಭಾರದ ಸೈಕಲ್ ತೆಗೆದುಕೊಂಡು ನಾನು ಹಿಂದೆ ಬಿದ್ದರೆ ಮಾತಾಡಲು ಅವರಿಗೆ ಯಾರಿದ್ದಾರೆ? ಅಂಗಡಿಯ ಮಾಲೀಕರು ಹ್ಯಾಂಡಲನ್ನು ಹಿಡಿದಿರುವ ಕುತ್ತಿಗೆಯ ಭಾಗವನ್ನು ಗಿಡ್ಡದಕ್ಕೆ ಬದಲಾಯಿಸಿದರೆ ನನಗೂ ಸರಿಹೋಗುತ್ತದೆ ಎಂದರು. ಅಪ್ಪ ಸ್ಟೂಲಿನ ಮೇಲೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದರು. ನನಗೂ ಆಸೆಯಾಗಿತ್ತು, ಸುಳ್ಳೇಕೆ ಹೇಳಲಿ. ಆ ನವಿಲುಗೊರಳ ಬಣ್ಣ ನನ್ನ ಕಣ್ಣು ಬಿಟ್ಟು ಹೋಗಲೇ ಇಲ್ಲ.

ಅಂಗಡಿಯ ಮುಂದಿನ ರಸ್ತೆಯಲ್ಲಿ ಎರಡನ್ನೂ ಓಡಿಸಿ ನೋಡಿದೆ. ಎರಡೂ ಚೆನ್ನಾಗಿದ್ದವು. ನೂರು ಗಜದ ನುಣ್ಣನೆ ರಸ್ತೆಯಲ್ಲಿ ಯಾವ ಸೈಕಲ್ಲಾದರೂ ಚೆನ್ನಾಗಿಯೇ ಇರುತ್ತದೆ. ಆಗ ಅಪ್ಪ ಎದ್ದರು. "ಎತ್ತು ಕೊಳ್ಳೋರು ಸಂತೆಯಾಗೆ ನಡೆಸಿ ನೋಡಿ ದುಡ್ಡು ಎಣಿಸ್ತಾರಾ? ಹೊಲಕ್ಕೆ ಹೊಡ್ಕಂಡು ಹೋಗಿ ಉತ್ತು ನೋಡ್ಬೇಕು. ಒಂದು ದಿನ ಕೊಡ್ರಪ್ಪಾ," ಎಂದರು. ಸೈಕಲ್ ಮಾರುವ ಹುಡುಗಿ ನಗು ತಡೆದುಕೊಂಡಳು. ಮಾಲೀಕರು ನಗಲಿಲ್ಲ. ಅವರ ಊರು ತೋವಿನಕೆರೆ. ನಮ್ಮ ಸೀಮೆಯಲ್ಲಿ ಎತ್ತಿನ ಮಾತು ಮುಗಿದ ಮೇಲೂ ಕೊಳ್ಳುವವನು ಅದನ್ನು ತನ್ನ ಹೊಲದಲ್ಲಿ ನೇಗಿಲಿಗೆ ಕಟ್ಟಿ ನೋಡುತ್ತಾನೆ, ಮಾರುವವನೂ ಜೊತೆಗೆ ಬಂದು ಬದುವಿನ ಮೇಲೆ ನಿಲ್ಲುತ್ತಾನೆ. ಉಳುಮೆ ಒಪ್ಪಿಗೆಯಾದರೆ ಮಾತ್ರ ವ್ಯಾಪಾರ. ಅದು ಅವರಿಗೆ ಗೊತ್ತಿತ್ತು. "ಭಾನುವಾರ ಹೆಂಗೂ ಊರಿಗೆ ಹೋಗ್ತೀನಿ. ಎರಡನ್ನೂ ಕಾರಿಗೆ ಹಾಕ್ಕೊಂಡು ಬರ್ತೀನಿ ಬುಡಿ ಯಜಮಾನ್ರೇ. ಗೀರು ಬಿದ್ರೆ ಮಾತ್ರ ನಿಮ್ದೇ," ಎಂದರು.

ಉಳುಮೆಯ ದಾರಿ ಕೊರಟಗೆರೆಯಿಂದ ತೋವಿನಕೆರೆಗೆ. ನನಗೆ ಆ ರಸ್ತೆಯ ಹಳ್ಳಗಳೆಲ್ಲ ಬಾಯಿಪಾಠ. ಬೆರಳಿಗೆ ಸ್ಪರ್ಶ ಇದೆಯೇ ಎಂದು ಪರೀಕ್ಷಿಸುವ ಕ್ರಮವನ್ನು ಆಪಾ ಮಾಡಿದರು. ಗಣಿತದವರಲ್ಲವೇ, ಅವರಿಗೆ "ಚೆನ್ನಾಗಿದೆ" ಎಂಬ ಉತ್ತರ ಸಾಲದು. ಜೇಬಿನಲ್ಲಿ ಹುಣಸೆ ಬೀಜ, ಕಡಲೆಕಾಯಿ ಬೀಜ, ಅವರೆ ಕಾಳು ಹಾಕಿಕೊಂಡು ಬಂದಿದ್ದರು. ನಾನು ಕಣ್ಣು ಮುಚ್ಚಬೇಕು. ಅವರು ನನ್ನ ಎಡಗೈಯ ಆ ಎರಡು ಬೆರಳ ನಡುವೆ ಒಂದನ್ನು ಇಡುತ್ತಾರೆ. ಬೇರೆ ಬೆರಳು ಮುಟ್ಟಿಸದೆ ಹೇಳಬೇಕು. ಒಂದಷ್ಟು ದಿನ ಸೈಕಲ್ ಮುಟ್ಟದೆ ಇದ್ದುದರಿಂದ ಹೊರಡುವ ಮೊದಲು ಮಬ್ಬಾಗಿಯಾದರೂ ಎಲ್ಲವನ್ನೂ ಸರಿಯಾಗಿ ಹೇಳಿದೆ.

ಮೊದಲು ಕಾರ್ಬನ್ ಹತ್ತಿದೆ. ಅದರ ಕುತ್ತಿಗೆಯನ್ನು ಮಾಲೀಕರು ಮೊದಲೇ ಗಿಡ್ಡ ಮಾಡಿ ತಂದಿದ್ದರು. ಏನು ಹೇಳಲಿ ಅದರ ಓಟವನ್ನು. ಪೆಡಲ್ ಮೇಲೆ ಕಾಲಿಟ್ಟರೆ ಸಾಕು, ಮುಂದಕ್ಕೆ ಜಿಗಿಯುತ್ತಿತ್ತು. ಪಕ್ಕದಲ್ಲಿ ಆಪಾ ತಮ್ಮ ಕೆಂಪು ಸೈಕಲ್ಲಿನಲ್ಲಿ ಏದುಸಿರು ಬಿಡುತ್ತ, "ನಿಲ್ಲಿ ಡಾಕ್ಟ್ರೇ," ಎಂದು ಕೂಗುವುದನ್ನು ಮೊದಲ ಸಲ ಕೇಳಿದೆ. ಇದೇ ನನ್ನ ಸೈಕಲ್ ಎಂದು ಅರ್ಧ ದಾರಿಯಲ್ಲೇ ಮನಸ್ಸಿನಲ್ಲಿ ಕೊಂಡುಬಿಟ್ಟಿದ್ದೆ. ತೋವಿನಕೆರೆಯಲ್ಲಿ ಮಾಲೀಕರ ಮನೆಯ ಮುಂದೆ ಇಳಿದು ಕಣ್ಣು ಮುಚ್ಚಿ ಕೈ ಚಾಚಿದೆ.

"ಕಡಲೆ ಬೀಜ," ಎಂದೆ.

ಆಪಾ ಅದನ್ನು ತೆಗೆದುಕೊಂಡರು. ಮತ್ತೊಂದು ಇಟ್ಟರು. ಅವರೆ ಎಂದೆ. ಕಣ್ಣು ಬಿಟ್ಟು ನೋಡಿದರೆ ಎರಡು ಸಲವೂ ಅವರು ಇಟ್ಟದ್ದು ಹುಣಸೆ ಬೀಜ. ನನಗೆ ಸಿಟ್ಟು ಬಂತು. ಸುಸ್ತಾಗಿದೆ, ಬೆವರಿದೆ, ನೀವು ಸರಿಯಾಗಿ ಇಡಲಿಲ್ಲ ಎಂದೆಲ್ಲ ಅಂದೆ. ಮಾಲೀಕರು ಕುತ್ತಿಗೆಯನ್ನು ಇನ್ನೊಂಚೂರು ಗಿಡ್ಡ ಮಾಡಬಹುದು ಎಂದರು. ಮಾಲೀಕರ ಕಾರಿನಲ್ಲಿ ಬಂದು ಜಗಲಿಯ ಮೇಲೆ ಕೂತಿದ್ದ ಅಪ್ಪ, "ಎತ್ತಿನ ಕತ್ತು ಕುಯ್ದು ನೊಗಕ್ಕೆ ಹೊಂದಿಸ್ಬ್ಯಾಡ ಬುಡಪ್ಪ," ಎಂದು ಎಲೆ ಅಡಿಕೆಗೆ ಸುಣ್ಣ ಹಚ್ಚಿಕೊಂಡರು. ಜೋಡಿ ಎಂದು ಹೇಳಿದ್ದವರೂ ಇವರೇ ಎಂದು ನೆನಪಿಸಬೇಕೆಂದುಕೊಂಡೆ. ಅಷ್ಟರಲ್ಲಿ ಮುದ್ದೆ ಊಟಕ್ಕೆ ಕರೆದರು, ಕೈ ತೊಳೆಯಲು ಹೋದೆ.

ಊಟ ಮಾಡಿ ಬೆರಳು ತಿಳಿಯಾಗುವವರೆಗೆ ಕಾದು, ಹೊತ್ತು ಇಳಿದ ಮೇಲೆ ಎಮ್ಮೆ ಬಣ್ಣದ್ದನ್ನು ಹತ್ತಿದೆ. ಅದು ಜಿಗಿಯಲಿಲ್ಲ. ತುಳಿದಷ್ಟು ಹೋಯಿತು. ಆಪಾ ಮುಂದೆ ಹೋದರು, ನಾನು ಹಿಂದೆ ಉಳಿದೆ. ಮೊದಲ ಒಂದೆರಡು ಮೈಲಿ ನನಗೆ ಬೇಜಾರೇ ಆಯಿತು. ಆಮೇಲೆ ನೋಡುತ್ತೇನೆ, ಸಿದ್ಧರಬೆಟ್ಟ ಕಾಣಿಸುತ್ತಿದೆ. ಅದೇ ರಸ್ತೆಯಲ್ಲಿ ಎಷ್ಟೋ ಸಲ ಹೋಗಿದ್ದೆ, ಮುಂದಿನ ಚಕ್ರ ಮತ್ತು ಟಾರು ಬಿಟ್ಟರೆ ಬೇರೆ ನೋಡಿದ ನೆನಪಿಲ್ಲ. ಈಗ ತಲೆ ಎತ್ತಿ ಕೂತಿದ್ದೆ, ಮೊಣಕೈ ಸಡಿಲವಾಗಿತ್ತು. ಹಳ್ಳ ಬಂದಾಗ ಟೈರು ಅದನ್ನು ನುಂಗಿ ಮುಂದೆ ಹೋಗುತ್ತಿತ್ತು. ಕೊರಟಗೆರೆ ಮುಟ್ಟುವಾಗ ಬದುವಿನ ಮೇಲೆ ನಿಂತಂತೆ ರಸ್ತೆ ಪಕ್ಕದಲ್ಲಿ ಮಾಲೀಕರೂ ಅಪ್ಪನೂ ಕಾರಿಗೆ ಒರಗಿ ನಿಂತಿದ್ದರು.

ಕಣ್ಣು ಮುಚ್ಚಿದೆ. ಹುಣಸೆ ಬೀಜ ಎಂದೆ, ಅದರ ಚಪ್ಪಟೆ ಮೈ ತಿಳಿಯಿತು. ಅವರೆ ಎಂದೆ. ಮೂರನೆಯದಕ್ಕೆ ಬೆರಳುಗಳ ನಡುವೆ ಹುಡುಕಿದೆ, ಏನೂ ಸಿಗಲಿಲ್ಲ. ಬೆರಳು ಮತ್ತೆ ಸತ್ತವೇನೋ ಅನ್ನಿಸಿತು. ಆದರೂ ಬೆರಳನ್ನು ನಂಬಿ, "ಏನೂ ಇಟ್ಟಿಲ್ಲ ನೀವು," ಎಂದೆ.

ಆಪಾ ನಗುತ್ತಿದ್ದರು. ಅಂಗೈ ಖಾಲಿ ಇತ್ತು. ನಗು ಮುಗಿದ ಮೇಲೆ ಅವರ ಮುಖ ಸ್ವಲ್ಪ ಇಳಿಯಿತು. "ಹಂಗಾದ್ರೆ ಜೋಡಿ ಹೋಯ್ತು," ಎಂದರು.

"ಏರು ಬಂದಾಗ ನೀವು ಮೇಲೆ ಹೋಗಿ ಕಾಯಿರಿ ಆಪಾ."

"ಕಾಯ್ತೀನಿ. ಬಂದ್ಮೇಲೆ ರಸ್ತೇನ ಬೈಯೋ ಹಂಗಿಲ್ಲ," ಎಂದರು. ಆ ಷರತ್ತಿಗೆ ಒಪ್ಪಿದೆ, ಪಾಲಿಸಿಲ್ಲ.

ಎಮ್ಮೆ ಬಣ್ಣದ್ದು ಮನೆಗೆ ಬಂತು. ಚಕ್ರದಡಿ ನಿಂಬೆಹಣ್ಣು ಇಟ್ಟು ಅಪ್ಪ ಕುಂಕುಮ ಹಚ್ಚಿದರು. ಬೀದಿಯವರು ನೋಡಿ, ಇಷ್ಟು ದುಡ್ಡಿಗೆ ಇನ್ನೊಂಚೂರು ಒಳ್ಳೆ ಬಣ್ಣ ಸಿಗುತ್ತಿರಲಿಲ್ಲವೇ ಎಂದರು. ನವಿಲುಗೊರಳ ಬಣ್ಣದ್ದನ್ನು ಬೇರೆ ಯಾರೋ ಕೊಂಡರೆಂದು ಕೇಳಿದಾಗ ಹೊಟ್ಟೆಯಲ್ಲಿ ಸ್ವಲ್ಪ ಉರಿಯಿತು. ಒಳ್ಳೆಯದೇ ಕೊಂಡಿದ್ದೇನೆ ಎಂಬ ನಂಬಿಕೆ ಮಾತ್ರ ಒಂದು ದಿನವೂ ಅಲ್ಲಾಡಲಿಲ್ಲ. ಶಿರಾ ಕಡೆ ಹೋದೆವು, ಪಾವಗಡ ಕಡೆ ಹೋದೆವು. ಪಾವಗಡ ದಾರಿಯ ಟೀ ಅಂಗಡಿಯ ಅಜ್ಜಿ ಆಪಾ ಬಂದು ಬಹಳ ಹೊತ್ತಾದ ಮೇಲೆ ನಾನು ಬರುವುದನ್ನು ನೋಡಿ, "ಏಮಮ್ಮಾ, ನೀ ಬಂಡಿ ಪಾತದಾ?" ಎಂದು ತೆಲುಗಿನಲ್ಲಿ ಕೇಳಿದಳು. ಹಳೆಯದಲ್ಲ ಅಜ್ಜಿ, ಮೊನ್ನೆ ಕೊಂಡದ್ದು ಎಂದೆ. ಅವಳು ನಂಬಲಿಲ್ಲ.

ಸವಾರಿಯಿಂದ ಬಂದ ಮೇಲೆ ಜೋಮು ಹೊಸದಾಗಿ ಏರುತ್ತಿರಲಿಲ್ಲ, ಅದು ನಿಜ. ಆದರೆ ಮೊದಲೇ ನಲುಗಿದ್ದ ನರ ಪೂರ್ತಿ ಎಚ್ಚರವಾಗಿದೆಯೇ ಎಂಬುದು ಬೇರೆ ಮಾತು. ಕೈಯಲ್ಲಿ ಹಿಡಿದ ಬೀಜವನ್ನು ಗುರುತಿಸುವುದಕ್ಕೂ, ಭುಜದ ತನಕ ಕೈ ಒಳಗಿಟ್ಟು, ಹಸು ತಿಣುಕಿ ಕೈಯನ್ನು ಹಿಂಡುವಾಗ ಗುರುತಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಕಷ್ಟದ ಹೆರಿಗೆ ಬಂದರೆ ಮಧುಗಿರಿಯ ಸಹೋದ್ಯೋಗಿಯನ್ನು ಕರೆಸುತ್ತಿದ್ದೆ. ಅವರು ಬಂದು ಕೆಲಸ ಮುಗಿಸುವವರೆಗೆ ಹಸುವಿನ ತಲೆ ಹಿಡಿದುಕೊಂಡು ನಿಲ್ಲುವುದು ನನಗೆ ಸಾಕುಸಾಕಾಗಿತ್ತು. ನನ್ನ ಕೈಗೆ ನಾನೇ ಹೆದರುತ್ತಿದ್ದೆ.

ಒಂದು ಬೆಳಿಗ್ಗೆ ಬಡವನಹಳ್ಳಿ ಆಚೆಯ ಹಳ್ಳಿಯಿಂದ ಫೋನ್ ಬಂತು. ಚೊಚ್ಚಲು ಹಸು, ನಸುಕಿನಿಂದ ನೋಯುತ್ತಿದೆ, ಕಾಲು ಕಾಣಿಸುತ್ತದೆ, ತಲೆ ಬರುತ್ತಿಲ್ಲ ಎಂದರು. ಸಹೋದ್ಯೋಗಿ ಲಸಿಕೆ ಕೆಲಸಕ್ಕೆಂದು ಪಾವಗಡ ಕಡೆ ಹೋಗಿದ್ದರು. ನಾನೇ ಹೋದೆ. ಕೊಟ್ಟಿಗೆಯಲ್ಲಿ ಅಕ್ಕಪಕ್ಕದವರು ಹಗ್ಗ ಹಿಡಿದು ತಯಾರಾಗಿದ್ದರು. "ಕರು ಸತ್ತೋಗೈತೆ ಕಣಮ್ಮ. ಎಂಗಾದ್ರೂ ಎಳ್ದು ಬುಡಾನ, ಹಸುನಾದ್ರೂ ಉಳೀಲಿ," ಎಂದು ಒಬ್ಬ ಅಂದ. ಹಸುವಿನ ಒಡತಿ ಗೋಡೆಗೆ ಆತು ನಿಂತು ನನ್ನನ್ನೇ ನೋಡುತ್ತಿದ್ದಳು.

ಕರು ಸತ್ತಿದ್ದರೆ ಒಂದು ದಾರಿ, ಬದುಕಿದ್ದರೆ ಬೇರೆ ದಾರಿ. ಸತ್ತದ್ದನ್ನು ತುಂಡು ಮಾಡಿಯಾದರೂ ತೆಗೆದು ತಾಯಿಯನ್ನು ಉಳಿಸುತ್ತೇವೆ. ಬದುಕಿದ್ದರೆ ಅದನ್ನು ಹಿಂದಕ್ಕೆ ತಳ್ಳಿ, ತಲೆ ತಿರುಗಿಸಿ, ನಿಧಾನವಾಗಿ ತರಬೇಕು. ಯಾವುದು ಎಂದು ಕೈ ಹೇಳಬೇಕು. ಕರುವಿನ ತಲೆ ಪಕ್ಕೆಯ ಕಡೆಗೆ ಮಡಚಿಕೊಂಡಿತ್ತು. ಬಲಗೈ ಆ ಕಡೆ ತಿರುಗಲಿಲ್ಲ. ಎಡಗೈ ಹಾಕಿದೆ. ಕಾಲು ಸಿಕ್ಕಿತು, ಹಿಸುಕಿದೆ, ಅದು ಅಲುಗಲಿಲ್ಲ. ಕುತ್ತಿಗೆ ಹಿಡಿದು ಮುಂದೆ ಹೋದೆ. ಹಸು ತಿಣುಕಿತು, ಕೈ ನಲುಗಿತು, ತಡೆದುಕೊಂಡೆ. ದವಡೆಯ ಅಂಚು ಸಿಕ್ಕಿತು. ಅಲ್ಲಿಂದ ಮುಂದಿನ ಸಂದಿಯಲ್ಲಿ ಕೈಯ ಹೊರ ಅಂಚು ಮಾತ್ರ ತೂರುತ್ತಿತ್ತು, ಆ ಎರಡು ಬೆರಳು. ಬೇರೆ ಬೆರಳು ಅಲ್ಲಿಗೆ ತಲುಪಲಿಲ್ಲ. ಕಿರುಬೆರಳನ್ನು ತುಟಿಯ ಸಂದಿಯಿಂದ ಒಳಗೆ ತಳ್ಳಿ, ಮೆತ್ತನೆಯ ನಾಲಿಗೆಯ ಮೇಲೆ ಇಟ್ಟು, ಜೀವವಿದ್ದರೆ ಚೀಪೀತು ಎಂದು ಕಾದೆ.

"ಜೀವ ಐತಾ ಡಾಕ್ಟ್ರಮ್ಮ?" ಎಂದು ಒಡತಿ ಕೇಳಿದಳು.

ಏನೂ ಇಲ್ಲ. ಮತ್ತೂ ಏನೂ ಇಲ್ಲ. ಆಮೇಲೆ ನಾಲಿಗೆ ಬೆರಳ ಸುತ್ತ ಮಡಚಿಕೊಂಡಿತು, ಒರಟು ಮೈ, ಬೆಚ್ಚಗೆ, ಪುಟ್ಟದಾಗಿ ಒಮ್ಮೆ ಎಳೆಯಿತು. ಇನ್ನೊಮ್ಮೆ ಎಳೆಯಿತು. ಕಿರುಬೆರಳಿನ ತುದಿಯಿಂದ ಮೊಣಕೈವರೆಗೆ ನನಗೆ ಗೊತ್ತಾಯಿತು.

"ಐತೆ," ಎಂದೆ. ಕಣ್ಣಲ್ಲಿ ನೀರು ಬಂದಿತ್ತು. ಒರೆಸಿಕೊಳ್ಳಲು ಎರಡೂ ಕೈ ಬಿಡುವಿರಲಿಲ್ಲ. ತಕ್ಷಣ ಕರುವನ್ನು ಹಿಂದಕ್ಕೆ ತಳ್ಳಬೇಕಿತ್ತು, ಹಗ್ಗ ಕೇಳಬೇಕಿತ್ತು. ಒಂದು ಗಳಿಗೆ ಮಾತ್ರ, ಚೀಪಲಿ ಎಂದು ಬೆರಳನ್ನು ಅಲ್ಲೇ ಬಿಟ್ಟೆ.